ಪೋರ್ಚುಗಲ್ ಕಚೇರಿಯ ಪಾಠ ಫಿನ್‌ಲ್ಯಾಂಡ್ ಕಚೇರಿಗೆ ಹತ್ತುತ್ತಾ?

ಪ್ರಶ್ನೆ: ಮೇಡಂ, ನಾನು ಮೈಸೂರಿನವನು. ನೆದರ್‌ಲ್ಯಾಂಡ್ಸ್‌ನಲ್ಲಿ ಸಾರ್ವಜನಿಕ ಆಡಳಿತ ಓದುತ್ತಿದ್ದೇನೆ. ಇಲ್ಲಿ ಪ್ರತಿ ಕ್ಲಾಸಿನಲ್ಲೂ ‘ಬೆಸ್ಟ್ ಪ್ರಾಕ್ಟೀಸ್ ಹಂಚಿಕೊಳ್ಳಬೇಕು’ ಅನ್ನುತ್ತಾರೆ. ಪೋರ್ಚುಗಲ್‌ಗೂ ಫಿನ್‌ಲ್ಯಾಂಡ್‌ಗೂ ಭಾಷೆ ಬೇರೆ, ಕಾನೂನು ಬೇರೆ, ನೌಕರರ ಸಂಬಳ ಬೇರೆ. ಹಾಗಿರುವಾಗ ಒಂದು ಸರ್ಕಾರಿ ಕಚೇರಿ ಇನ್ನೊಂದರಿಂದ ನಿಜಕ್ಕೂ ಏನಾದರೂ ಕಲಿಯುತ್ತಾ? ಅಥವಾ ಸಮ್ಮೇಳನ, ಊಟ, ಗ್ರೂಪ್ ಫೋಟೊ ಇಷ್ಟೇನಾ? ಕ್ಯಾಫ್ ಅನ್ನೋ ಹೆಸರು ಪದೇ ಪದೇ ಬರುತ್ತೆ, ಅದನ್ನೂ ಸ್ವಲ್ಪ ಬಿಡಿಸಿ ಹೇಳಿ. ಪ್ರಬಂಧಕ್ಕೆ ಇದೇ ವಿಷಯ ತಗೊಳ್ಳೋಣ ಅಂತಿದ್ದೇನೆ.

ಉತ್ತರ: ಊಟ, ಫೋಟೊ ಎರಡೂ ಇವೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕ್ಷೇತ್ರದಲ್ಲಿ ಬಹಳ ವರ್ಷ ತರಬೇತಿ ಕೊಟ್ಟವಳು ನಾನು, ಎಷ್ಟೋ ಸಮ್ಮೇಳನಗಳಲ್ಲಿ ಕೂತು ತೂಕಡಿಸಿದ್ದೇನೆ. ಆದರೂ ನಿಮ್ಮ ಪ್ರಶ್ನೆಗೆ ‘ಹೌದು, ಕಲಿಯುತ್ತಾರೆ’ ಅಂತಲೇ ನನ್ನ ಉತ್ತರ. ಏನನ್ನು ಕಲಿಯುತ್ತಾರೆ ಅನ್ನೋದರಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ.

ಮೊದಲು ಒಂದು ಕಾನೂನಿನ ವಿಷಯ. ಬೇಜಾರಿನದ್ದು, ಆದರೆ ಇದಿಲ್ಲದೆ ಮುಂದಿನದು ಅರ್ಥ ಆಗಲ್ಲ. ಯುರೋಪಿಯನ್ ಒಕ್ಕೂಟ ಬಲ್ಬಿನಿಂದ ಹಿಡಿದು ಬ್ಯಾಂಕಿನವರೆಗೆ ನಿಯಮ ಮಾಡುತ್ತೆ. ಆದರೆ ಸದಸ್ಯ ದೇಶ ತನ್ನ ಕಚೇರಿಗಳನ್ನು ಹೇಗೆ ನಡೆಸಬೇಕು ಅಂತ ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ ನಂತರ ಒಕ್ಕೂಟದ ಮೂಲ ಒಪ್ಪಂದದಲ್ಲಿ 197ನೇ ವಿಧಿ ಅಂತ ಒಂದು ಸೇರಿತು. ಆಡಳಿತ ಸುಧಾರಿಸಿಕೊಳ್ಳುವ ದೇಶಕ್ಕೆ ಒಕ್ಕೂಟ ನೆರವು ಕೊಡಬಹುದು, ಅಧಿಕಾರಿಗಳ ವಿನಿಮಯಕ್ಕೆ, ತರಬೇತಿಗೆ ಸಹಾಯ ಮಾಡಬಹುದು ಅನ್ನುತ್ತೆ ಅದು. ಜತೆಗೇ, ಈ ನೆರವನ್ನು ಪಡೆಯಲೇಬೇಕು ಅಂತ ಯಾವ ದೇಶಕ್ಕೂ ಕಡ್ಡಾಯವಿಲ್ಲ, ಎಲ್ಲ ದೇಶಗಳ ಆಡಳಿತದ ಕಾನೂನನ್ನು ಒಂದೇ ಅಚ್ಚಿಗೆ ಹಾಕುವ ಹಾಗೂ ಇಲ್ಲ ಅಂತ ಕಟ್ಟುನಿಟ್ಟಾಗಿ ಹೇಳುತ್ತೆ. ಅಂದರೆ ಮೇಲಿಂದ ಸುತ್ತೋಲೆ ಬರಲ್ಲ. ಬೆಂಗಳೂರಿನಿಂದ ಜಿಲ್ಲೆಗೆ ಬರುತ್ತಲ್ಲ, ‘ಈ ಪತ್ರ ತಲುಪಿದ ಏಳು ದಿನದೊಳಗೆ ವರದಿ ಸಲ್ಲಿಸತಕ್ಕದ್ದು’ ಅಂತ, ಆ ಥರ ಏನೂ ಇಲ್ಲ. ಹಂಚಿಕೊಳ್ಳೋದಾದರೆ ಮನಸ್ಸಿದ್ದು ಹಂಚಿಕೊಳ್ಳಬೇಕು, ಅಷ್ಟೇ.

ಆಜ್ಞೆ ಮಾಡುವ ಅಧಿಕಾರ ಒಕ್ಕೂಟಕ್ಕೆ ಮೊದಲೂ ಇರಲಿಲ್ಲ. ಹಾಗಾಗಿಯೇ ಈ ವಿಧಿಗಿಂತ ಎಷ್ಟೋ ಮುಂಚೆ ಯೂಪಾನ್ ಅನ್ನೋ ಜಾಲ ಹುಟ್ಟಿದ್ದು. ಸದಸ್ಯ ದೇಶಗಳಲ್ಲಿ ಸಾರ್ವಜನಿಕ ಆಡಳಿತ ನೋಡಿಕೊಳ್ಳುವ ಇಲಾಖೆಗಳ ಮುಖ್ಯಸ್ಥರು ಸೇರುವ ಅನೌಪಚಾರಿಕ ಕೂಟ ಇದು. ಒಕ್ಕೂಟದ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತೆ, ಯೂಪಾನ್ ಸಭೆಯ ಜವಾಬ್ದಾರಿಯೂ ಅದರ ಜತೆಗೇ ಹೋಗುತ್ತೆ. 1990ರ ದಶಕದ ಕೊನೆಯಲ್ಲಿ ಇವರ ಮುಂದೆ ಇದ್ದ ಪ್ರಶ್ನೆ ನಿಮ್ಮದೇ. ಪ್ರತಿ ದೇಶದಲ್ಲೂ ಒಳ್ಳೆಯ ಕೆಲಸ ಆಗುತ್ತಿದೆ, ಆದರೆ ಒಬ್ಬರು ಹೇಳೋದು ಇನ್ನೊಬ್ಬರಿಗೆ ಅರ್ಥವೇ ಆಗುತ್ತಿಲ್ಲ. ಒಬ್ಬರು ಐಎಸ್‌ಒ ಪ್ರಮಾಣಪತ್ರ ತೋರಿಸುತ್ತಾರೆ, ಇನ್ನೊಬ್ಬರು ಇಂಥ ಸೇವೆ ಇಷ್ಟು ದಿನದಲ್ಲಿ ಅಂತ ಜನರಿಗೆ ಬರೆದು ಕೊಟ್ಟ ನಾಗರಿಕ ಸನ್ನದು ತೋರಿಸುತ್ತಾರೆ, ಮತ್ತೊಬ್ಬರು ಖಾಸಗಿ ಕಂಪನಿಗಳ ಗುಣಮಟ್ಟ ಅಳೆಯಲು ಮಾಡಿದ ಇಎಫ್‌ಕ್ಯೂಎಂ ಮಾದರಿ ಹಿಡಿದು ಕೂತಿದ್ದಾರೆ. ಒಬ್ಬರದು ಸೇರು, ಒಬ್ಬರದು ಕೊಳಗ, ಒಬ್ಬರದು ಕೆಜಿ. ಹಾಗಿದ್ದರೆ ಸಂತೆ ವ್ಯಾಪಾರ ನಡೆಯೋದು ಹೇಗೆ?

ಇದಕ್ಕೆ ಅವರು ಕಂಡುಕೊಂಡ ಅಳತೆಗೋಲೇ ಕ್ಯಾಫ್. ಪೂರ್ತಿ ಹೆಸರು ಕಾಮನ್ ಅಸೆಸ್‌ಮೆಂಟ್ ಫ್ರೇಮ್‌ವರ್ಕ್, ಕನ್ನಡದಲ್ಲಿ ‘ಸಾಮಾನ್ಯ ಮೌಲ್ಯಮಾಪನ ಚೌಕಟ್ಟು’ ಅನ್ನಬಹುದು. ಇಎಫ್‌ಕ್ಯೂಎಂ ಮಾದರಿಯನ್ನೂ ಜರ್ಮನಿಯ ಸ್ಪೈಯರ್ ಆಡಳಿತ ವಿಶ್ವವಿದ್ಯಾಲಯದ ಕೆಲಸವನ್ನೂ ಅಡಿಪಾಯ ಮಾಡಿಕೊಂಡು ಸರ್ಕಾರಿ ಕಚೇರಿಗೆ ಹೊಂದುವ ಹಾಗೆ ಬರೆದರು. 2000ದ ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ನಡೆದ ಮೊದಲ ಯುರೋಪಿಯನ್ ಗುಣಮಟ್ಟ ಸಮ್ಮೇಳನದಲ್ಲಿ ಇದರ ಬಿಡುಗಡೆ ಆಯಿತು. ಮುಂದಿನ ವರ್ಷವೇ ಮಾಸ್‌ಟ್ರಿಕ್ಟ್‌ನ ಯುರೋಪಿಯನ್ ಸಾರ್ವಜನಿಕ ಆಡಳಿತ ಸಂಸ್ಥೆಯಲ್ಲಿ ಇದಕ್ಕೊಂದು ಸಂಪನ್ಮೂಲ ಕೇಂದ್ರ ತೆರೆದರು. ನೀವಿರುವ ದೇಶದಲ್ಲೇ ಇದೆ, ಒಮ್ಮೆ ಹೋಗಿ ಬನ್ನಿ. 2002, 2006, 2013, 2020ರಲ್ಲಿ ಪರಿಷ್ಕರಣೆ ಆಗಿದೆ, 20ಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತೆ, ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿ, ಸಂಸ್ಥೆಗಳು ಬಳಸಿವೆ. ದುಡ್ಡು ಕೊಡಬೇಕಾಗಿಲ್ಲ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಸಣ್ಣ ಪುರಸಭೆಯೊಂದಕ್ಕೆ ಸಲಹಾ ಕಂಪನಿಯ ಬಿಲ್ ಇಲ್ಲದೆ ಕೈಗೆ ಸಿಗುವ ಗುಣಮಟ್ಟದ ಸಾಧನಗಳು ತೀರಾ ಕಡಿಮೆ.

ಒಳಗೇನಿದೆ ಅಂದರೆ ಒಂಬತ್ತು ಶೀರ್ಷಿಕೆ, ಅವುಗಳ ಕೆಳಗೆ 28 ಉಪಶೀರ್ಷಿಕೆ. ಮೊದಲ ಐದು ಕಚೇರಿ ಹೇಗೆ ಕೆಲಸ ಮಾಡುತ್ತೆ ಅನ್ನೋದರ ಬಗ್ಗೆ: ನಾಯಕತ್ವ, ಯೋಜನೆ, ಸಿಬ್ಬಂದಿ, ಪಾಲುದಾರಿಕೆ ಮತ್ತು ಸಂಪನ್ಮೂಲ, ಕೆಲಸದ ಹರಿವು. ಉಳಿದ ನಾಲ್ಕು ಫಲಿತಾಂಶದ ಬಗ್ಗೆ: ಜನರಿಗೆ ಏನು ಸಿಕ್ಕಿತು, ಸಿಬ್ಬಂದಿಗೆ ಏನು ಸಿಕ್ಕಿತು, ಸಮಾಜಕ್ಕೆ ಏನು ಸಿಕ್ಕಿತು, ಕಚೇರಿ ತನ್ನ ಮುಖ್ಯ ಕೆಲಸದಲ್ಲಿ ಗುರಿ ಮುಟ್ಟಿತಾ. ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅಂಕ ಹೇಗೆ ಕೊಡುತ್ತಾರೆ ಅನ್ನೋದನ್ನು ಚೆನ್ನಾಗಿ ತಿಳಿದುಕೊಳ್ಳಿ, ಯಾಕೆಂದರೆ ಸ್ವಾರಸ್ಯ ಇರೋದೆಲ್ಲಾ ಅಲ್ಲೇ.

ಮೊದಲ ಐದಕ್ಕೆ ಅಂಕ ಕೊಡೋದು ನೂರಕ್ಕೆ. ಹತ್ತರವರೆಗೆ ಅಂದರೆ ಆ ವಿಷಯದಲ್ಲಿ ಏನೂ ಮಾಡುತ್ತಿಲ್ಲ, ಇಲ್ಲವೇ ಹೇಳಿಕೊಳ್ಳುವಂಥದ್ದು ಇಲ್ಲ. 11ರಿಂದ 30 ಅಂದರೆ ಯೋಜನೆ ಇದೆ. 31ರಿಂದ 50 ಅಂದರೆ ಯೋಜನೆ ಜಾರಿಯಲ್ಲಿದೆ. 51ರಿಂದ 70 ಅಂದರೆ ಜಾರಿಯಾದದ್ದು ಸರಿ ಇದೆಯಾ ಅಂತ ತಿರುಗಿ ನೋಡುತ್ತಿದ್ದಾರೆ. 71ರಿಂದ 90 ಅಂದರೆ ನೋಡಿ, ತಿದ್ದಿಕೊಂಡೂ ಇದ್ದಾರೆ. ಕೊನೆಯ 91ರಿಂದ 100 ಯಾರಿಗೆ ಗೊತ್ತಾ? ಇವೆಲ್ಲಾ ಮಾಡಿ, ಜತೆಗೆ ಬೇರೆ ಕಚೇರಿಗಳಿಂದ ಕಲಿಯುತ್ತಲೂ ಇರುವವರಿಗೆ. ಅಂದರೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಬಾಗಿಲು ಮುಚ್ಚಿಕೊಂಡು ಮಾಡಿದರೆ ತೊಂಬತ್ತಕ್ಕೆ ನಿಂತುಬಿಡುತ್ತೀರಿ. ಫಲಿತಾಂಶದ ನಾಲ್ಕು ಶೀರ್ಷಿಕೆಗಳಲ್ಲೂ ತುತ್ತತುದಿಯಲ್ಲಿ ಬೇರೆಯವರ ಜತೆ ಹೋಲಿಸಿ ನೋಡುವ ಮಾತು ಬರುತ್ತೆ. ಹಂಚಿಕೊಳ್ಳಿ ಅಂತ ಯಾರೂ ಭಾಷಣ ಬಿಗಿದಿಲ್ಲ, ಅಂಕದ ಏಣಿಯ ಕೊನೆ ಮೆಟ್ಟಿಲಾಗಿಯೇ ಅದನ್ನು ಇಟ್ಟುಬಿಟ್ಟಿದ್ದಾರೆ. ನನಗೆ ಇಡೀ ಕ್ಯಾಫ್‌ನಲ್ಲಿ ತುಂಬ ಇಷ್ಟವಾಗಿರೋದು ಇದೇ.

ಈಗ ಇದು ನಡೆಯೋ ರೀತಿ. ಹೊರಗಿನಿಂದ ಯಾರೂ ತಪಾಸಣೆಗೆ ಬರಲ್ಲ. ಕಚೇರಿಯವರೇ ಒಂದು ಗುಂಪು ಮಾಡಿಕೊಳ್ಳುತ್ತಾರೆ, ಅದರಲ್ಲಿ ಎಲ್ಲ ಹಂತದವರೂ ಇರಬೇಕು. ಒಬ್ಬೊಬ್ಬರೂ ಬೇರೆ ಬೇರೆಯಾಗಿ, ಪುರಾವೆ ಬರೆದು ಅಂಕ ಹಾಕುತ್ತಾರೆ. ಆಮೇಲೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಒಮ್ಮತಕ್ಕೆ ಬರಬೇಕು. ಸರಾಸರಿ ತೆಗೆದು ಎದ್ದುಹೋಗುವ ಹಾಗಿಲ್ಲ.

ಒಂದು ಪುರಸಭೆಯಲ್ಲಿ ನಾನು ಇಂಥ ಸಭೆಗೆ ಸುಮ್ನೆ ನೋಡಲು ಕೂತಿದ್ದೆ. ಊರಿನ ಹೆಸರು ಬೇಡ. ಜನರ ದೂರುಗಳನ್ನು ಹೇಗೆ ನಿಭಾಯಿಸುತ್ತೇವೆ ಅನ್ನೋ ವಿಷಯ ಬಂತು. ವಿಭಾಗದ ಮುಖ್ಯಸ್ಥರು 75 ಹಾಕಿದ್ದರು. ಕೌಂಟರಿನಲ್ಲಿ ಕೂರುವ ಹೆಂಗಸು 20 ಹಾಕಿದ್ದರು. ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಮುಖ್ಯಸ್ಥರು ದೂರಿನ ಪುಸ್ತಕ ಇದೆ, ನಮೂನೆ ಇದೆ, ಉತ್ತರ ಕೊಡಲು ಗಡುವು ಇದೆ ಅಂತ ಶುರು ಮಾಡಿದರು. ಆಕೆ ಎಲ್ಲಾ ಕೇಳಿಸಿಕೊಂಡು ಕೇಳಿದ್ದು ಒಂದೇ ಮಾತು: ‘ಆ ಪುಸ್ತಕದಲ್ಲಿ ಈ ವರ್ಷ ಯಾವ ದೂರು ಜಾಸ್ತಿ ಬಂದಿದೆ ಅಂತ ಯಾರಾದರೂ ಎಣಿಸಿದ್ದೀರಾ?’ ಯಾರೂ ಎಣಿಸಿರಲಿಲ್ಲ. ಪ್ರತಿ ದೂರಿಗೂ ಉತ್ತರ ಹೋಗಿತ್ತು, ಆದರೆ ಒಂದೇ ಬೀದಿಯ ಒಂದೇ ಬಗೆಯ ದೂರು ಎಷ್ಟು ಸಲ ಬಂತು ಅಂತ ನೋಡಿದವರಿಲ್ಲ. ಮೆಟ್ಟಿಲ ಪ್ರಕಾರ ಇದು ‘ಜಾರಿಯಲ್ಲಿದೆ’, ಆದರೆ ‘ತಿರುಗಿ ನೋಡಿಲ್ಲ’. ಹಾಗಾಗಿ ಐವತ್ತು ದಾಟುವ ಹಾಗೇ ಇಲ್ಲ. ಬಹಳ ಹೊತ್ತು ಮಾತಾಡಿ 40ಕ್ಕೆ ಒಪ್ಪಿಕೊಂಡರು. ಆಕೆಯ 20 ಕೂಡ ತಪ್ಪೇ, ಅದನ್ನು ಆಕೆಯೂ ಒಪ್ಪಿದರು. ಆ ನಲವತ್ತು ಅನ್ನೋ ಸಂಖ್ಯೆಗೆ ಏನೂ ಬೆಲೆ ಇಲ್ಲ. ಆ ಒಂದು ಗಂಟೆಯ ಮಾತಿಗೆ ಬೆಲೆ ಇದೆ. ಇದಕ್ಕೆ ಮುಂಚೆ ಅವರಿಬ್ಬರೂ ಈ ವಿಷಯ ಕೂತು ಮಾತಾಡಿದ್ದು ನನಗೆ ಅನುಮಾನ.

ಇಲ್ಲಿಂದ ನಿಮ್ಮ ಪ್ರಶ್ನೆಗೆ ಬರೋಣ. ನಲವತ್ತಕ್ಕೆ ನಿಂತ ಆ ಪುರಸಭೆ ಈಗ ಬೇರೆ ದೇಶದ ಪುರಸಭೆಗೆ ಕೇಳಬಹುದಾದ ಪ್ರಶ್ನೆ ತುಂಬಾ ಚೂಪಾಗಿದೆ: ‘ನೀವು ದೂರುಗಳನ್ನು ವಿಂಗಡಿಸಿ ನೋಡುತ್ತೀರಾ? ಯಾರು ನೋಡುತ್ತಾರೆ? ನೋಡಿ ಏನು ಬದಲಾಯಿಸಿದಿರಿ?’ ಇದಕ್ಕೆ ಭಾಷೆ ಬೇರೆಯಾದರೂ ಅಡ್ಡಿ ಇಲ್ಲ, ಕಾನೂನು ಬೇರೆಯಾದರೂ ಅಡ್ಡಿ ಇಲ್ಲ. ಇದೇ ಪುರಸಭೆ ಸಮ್ಮೇಳನಕ್ಕೆ ಹೋಗಿ ‘ನಿಮ್ಮಲ್ಲಿ ಒಳ್ಳೆಯ ಪದ್ಧತಿ ಏನಿದೆ?’ ಅಂತ ಕೇಳಿದ್ದರೆ ಒಂದು ಬಣ್ಣದ ಕಿರುಹೊತ್ತಿಗೆ ಸಿಗುತ್ತಿತ್ತು. ದೇಶ ದಾಟಿ ಹೋಗೋದು ಪದ್ಧತಿ ಅಲ್ಲ, ಪ್ರಶ್ನೆ. ಉತ್ತರವನ್ನು ಅವರವರ ಮನೆಯಲ್ಲೇ ಬೇಯಿಸಿಕೊಳ್ಳಬೇಕು. ಅದಕ್ಕೇ ಕ್ಯಾಫ್‌ನವರು ಅಂಕಪಟ್ಟಿ ಹೋಲಿಸಿ ಯಾರು ಮುಂದೆ ಅಂತ ನೋಡೋದಕ್ಕಿಂತ ‘ಬೆಂಚ್‌ಲರ್ನಿಂಗ್’ ಅನ್ನೋ ಪದವನ್ನು ಒತ್ತಿ ಹೇಳುತ್ತಾರೆ. ಹೋಲಿಕೆ ಸ್ಪರ್ಧೆಗಲ್ಲ, ಕಲಿಕೆಗೆ ಅಂತ.

ಪದ್ಧತಿಯೇ ಹೋದ ಉದಾಹರಣೆ ಇಲ್ಲವಾ ಅಂತ ಕೇಳುತ್ತೀರಿ. ಇದೆ, ನೋಡಿ. 1991ರಲ್ಲಿ ಬ್ರಿಟನ್‌ನಲ್ಲಿ ಜಾನ್ ಮೇಜರ್ ಸರ್ಕಾರ ನಾಗರಿಕ ಸನ್ನದು ತಂದಿತು. ಈ ಸೇವೆ ಇಷ್ಟು ದಿನದಲ್ಲಿ, ಸಿಗದಿದ್ದರೆ ದೂರು ಇಲ್ಲಿ ಅಂತ ಜನರಿಗೆ ಬರೆದು ಕೊಡುವ ಮಾತು. ಮರುವರ್ಷವೇ ಫ್ರಾನ್ಸ್, ಬೆಲ್ಜಿಯಂ ತಮ್ಮ ತಮ್ಮ ಸನ್ನದು ಮಾಡಿದವು, ಆಮೇಲೆ ಪೋರ್ಚುಗಲ್, ಇಟಲಿ. 1997ರಲ್ಲಿ ದೆಹಲಿಯ ಮುಖ್ಯಮಂತ್ರಿಗಳ ಸಮ್ಮೇಳನದ ನಂತರ ನಮ್ಮಲ್ಲಿಗೂ ಬಂತು. ನಿಮಗೆ ನೆನಪಿರಬಹುದು, ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲೋ ಹಸಿರು ಬಣ್ಣದಲ್ಲೋ ಬರೆದ ಫಲಕ, ಧೂಳು ಹಿಡಿದು, ಅರ್ಧ ಅಕ್ಷರ ಅಳಿಸಿಹೋಗಿ. ಕಾಗದ ಬಂತು, ಗೋಡೆಗೂ ಏರಿತು. ಬ್ರಿಟನ್‌ನಲ್ಲಿ ಆ ಸನ್ನದಿನ ಹಿಂದೆ ಇದ್ದ ಪ್ರಶ್ನೆ, ಅಂದರೆ ಗಡುವು ಮೀರಿದರೆ ಯಾರು ಉತ್ತರ ಕೊಡಬೇಕು ಅನ್ನೋದು, ಆ ಫಲಕದ ಜತೆ ಬರಲಿಲ್ಲ. ಕರ್ನಾಟಕದಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಿದ್ದು 2011ರ ಸಕಾಲ ಕಾಯ್ದೆ. ಅದು ಜಾರಿಗೆ ಬಂದದ್ದು 2012ರಲ್ಲಿ. ಅರ್ಜಿಗೊಂದು ಸಂಖ್ಯೆ, ಅದಕ್ಕೊಂದು ಗಡುವು, ತಡವಾದರೆ ಅರ್ಜಿದಾರನಿಗೆ ದಿನಕ್ಕೆ ಇಷ್ಟು ಅಂತ ಪರಿಹಾರ. ಸಕಾಲ ಹೇಗೆ ನಡೆಯುತ್ತಿದೆ ಅನ್ನೋದು ಬೇರೆಯೇ ಜಗಳ, ಅದನ್ನು ಇಲ್ಲಿ ಎತ್ತಿಕೊಳ್ಳಲ್ಲ.

ಅಂದಹಾಗೆ ಪೋರ್ಚುಗಲ್ ಹೆಸರು ನೀವೇ ಎತ್ತಿದಿರಲ್ಲ. ಅಲ್ಲಿ ‘ನಾಗರಿಕರ ಅಂಗಡಿ’ ಅಂತ ಒಂದು ವ್ಯವಸ್ಥೆ ಇದೆ. ಹತ್ತಾರು ಇಲಾಖೆಗಳ ಕೌಂಟರುಗಳು ಒಂದೇ ಸೂರಿನಡಿ. ಮೊದಲನೆಯದು ಲಿಸ್ಬನ್‌ನಲ್ಲಿ 1999ರಲ್ಲಿ ತೆರೆಯಿತು. ಯುರೋಪಿನ ಎಷ್ಟೋ ಭಾಷಣಗಳಲ್ಲಿ ಇದನ್ನು ಹೊಗಳುತ್ತಾರೆ. ಆದರೆ ಇದಕ್ಕೆ ಸ್ಫೂರ್ತಿ ಬಂದದ್ದು ಯುರೋಪಿನಿಂದಲ್ಲ, ಬ್ರೆಜಿಲ್‌ನ ಬಾಹಿಯಾ ರಾಜ್ಯದಿಂದ. ಅಲ್ಲಿ 1995ರಲ್ಲೇ ಅಂಥದ್ದನ್ನು ಮಾಡಿದ್ದರು. ಹಳೆಯ ವಸಾಹತಿನಿಂದ ಹಳೆಯ ಯಜಮಾನ ಕಲಿತದ್ದು. ಭಾಷೆ ಒಂದೇ ಆಗಿದ್ದು ಇಲ್ಲಿ ನೆರವಾಗಿರಬೇಕು ಅನ್ನೋದು ನನ್ನ ಊಹೆ, ಹಾಗಾಗಿ ಭಾಷೆಯ ಬಗ್ಗೆ ನಿಮಗಿರುವ ಸಂಶಯವನ್ನು ನಾನು ಪೂರ್ತಿ ತಳ್ಳಿಹಾಕಲ್ಲ.

ಇನ್ನೊಂದು ಬಗೆ ಎಸ್ಟೋನಿಯಾದ್ದು. ಸರ್ಕಾರಿ ಇಲಾಖೆಗಳ ಮಾಹಿತಿ ಒಂದರಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ಹೋಗಲಿ ಅಂತ 2001ರಲ್ಲಿ ಅವರು ಎಕ್ಸ್-ರೋಡ್ ಅನ್ನೋ ವ್ಯವಸ್ಥೆ ಶುರು ಮಾಡಿದರು. ಫಿನ್‌ಲ್ಯಾಂಡ್ ಅದನ್ನೇ ತಗೊಂಡಿತು. ಇಲ್ಲಿ ಸಾಫ್ಟ್‌ವೇರೇ ಗಡಿ ದಾಟಿತು, ನಾನು ಹೇಳಿದ ಮಾತಿಗೆ ಇದು ವಿರುದ್ಧ ಅಲ್ವಾ ಅನ್ನಬಹುದು. ಸ್ವಲ್ಪ ಹೌದು. ಆದರೆ ಕೊಟ್ಟವರೂ ತಗೊಂಡವರೂ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. 2017ರಲ್ಲಿ ಎರಡೂ ದೇಶ ಸೇರಿ ಒಂದು ಸಂಸ್ಥೆಯನ್ನೇ ಕಟ್ಟಿ ಅದನ್ನು ಒಟ್ಟಿಗೆ ನೋಡಿಕೊಳ್ಳತೊಡಗಿದವು, ಆಮೇಲೆ ಐಸ್‌ಲ್ಯಾಂಡ್ ಕೂಡ ಸೇರಿತು. ಒಂದು ಸಲದ ಪ್ರವಾಸದಲ್ಲಿ ಮುಗಿಯೋ ಕೆಲಸ ಅಲ್ಲ ಅದು.

ಹೊರಗಿನವರ ಕಣ್ಣು ಬೇಡವಾ, ಕಚೇರಿಯವರೇ ತಮಗೆ ತಾವೇ ಅಂಕ ಕೊಟ್ಟುಕೊಂಡರೆ ನಂಬೋದು ಹೇಗೆ ಅಂತ ನಿಮ್ಮ ಪ್ರೊಫೆಸರ್ ಖಂಡಿತ ಕೇಳುತ್ತಾರೆ. ಇದಕ್ಕೆ 2009-10ರ ಹೊತ್ತಿಗೆ ‘ಬಾಹ್ಯ ಹಿಮ್ಮಾಹಿತಿ’ ಅನ್ನೋ ಏರ್ಪಾಡು ಬಂತು. ತರಬೇತಿ ಪಡೆದ ಹೊರಗಿನವರು ಬರುತ್ತಾರೆ, ಎಷ್ಟೋ ಸಲ ಅವರೂ ಇಂಥದ್ದೇ ಬೇರೆ ಕಚೇರಿಯಲ್ಲಿ ಕೆಲಸ ಮಾಡುವವರು. ಅವರು ನಿಮ್ಮ ಅಂಕ ಸರಿಯಾ ತಪ್ಪಾ ಅಂತ ನೋಡಲ್ಲ. ಮೌಲ್ಯಮಾಪನ ಪ್ರಾಮಾಣಿಕವಾಗಿ ನಡೆಯಿತಾ, ಅದರಿಂದ ಬಂದ ಸುಧಾರಣೆಗಳನ್ನು ನಿಜಕ್ಕೂ ಕೈಗೆತ್ತಿಕೊಂಡರಾ, ಗುಣಮಟ್ಟದ ಯೋಚನೆ ಕಚೇರಿಯಲ್ಲಿ ಎಷ್ಟು ಬೇರೂರಿದೆ ಅನ್ನೋ ಮೂರು ವಿಷಯ ನೋಡುತ್ತಾರೆ. ಪಾಸಾದರೆ ‘ಪರಿಣಾಮಕಾರಿ ಕ್ಯಾಫ್ ಬಳಕೆದಾರ’ ಅನ್ನೋ ಹೆಸರಿನ ಮುದ್ರೆ ಸಿಗುತ್ತೆ, ಅದಕ್ಕೂ ಅವಧಿ ಇದೆ. ಗಮನಿಸಿ, ಅಂಕ ಎಷ್ಟು ಬಂತು ಅನ್ನೋದಕ್ಕೆ ಮುದ್ರೆ ಇಲ್ಲ. ನಲವತ್ತು ಬಂದ ಕಚೇರಿಗೂ ಸಿಗಬಹುದು. ಬೇಕಂತಲೇ ಹಾಗೆ ಮಾಡಿದ್ದಾರೆ, ಮತ್ತು ನನ್ನ ಪ್ರಕಾರ ಜಾಣತನ ಅದು. ಅಂಕಕ್ಕೆ ಬಹುಮಾನ ಕಟ್ಟಿದ ದಿನ ಆ ಕೌಂಟರಿನ ಹೆಂಗಸನ್ನು ಗುಂಪಿಗೆ ಸೇರಿಸಿಕೊಳ್ಳೋದೇ ಇಲ್ಲ. ಎಲ್ಲರೂ 85 ಹಾಕಿ ಕಾಫಿ ಕುಡಿದು ಹೋಗುತ್ತಾರೆ.

ಇನ್ನು ಇದರ ಕೊರತೆಗಳು, ಅವೂ ಕಡಿಮೆ ಇಲ್ಲ. ಒಳ್ಳೆಯ ಪದ್ಧತಿಗಳ ದಾಖಲೆ ಸಂಗ್ರಹ ಅಂತ ಮಾಡುತ್ತಾರಲ್ಲ, ಅದರಲ್ಲಿ ಬಹುಪಾಲು ನನಗೆ ಮದುವೆ ಆಲ್ಬಮ್ ಥರ ಕಾಣುತ್ತೆ. ಎಲ್ಲರೂ ನಗುತ್ತಿದ್ದಾರೆ. ಛತ್ರದಲ್ಲಿ ಸಾರು ಸಾಲದೆ ಆದ ಗಲಾಟೆ ಯಾವ ಫೋಟೊದಲ್ಲೂ ಇಲ್ಲ. ಕಲಿಯುವವರಿಗೆ ಬೇಕಿರೋದು ಆ ಸಾರಿನ ಕಥೆಯೇ: ಮೊದಲ ಸಲ ಯಾಕೆ ಕೆಟ್ಟಿತು, ಯಾವ ಸಂಘ ವಿರೋಧಿಸಿತು, ಮಧ್ಯದಲ್ಲಿ ಮುಖ್ಯಸ್ಥರ ವರ್ಗಾವಣೆ ಆದಾಗ ಏನಾಯಿತು. ಬರೆದು ಕೊಡಿ ಅಂದರೆ ಯಾರೂ ಬರೆಯಲ್ಲ. ಎದುರಾಎದುರು ಕೂತಾಗ, ಅದೂ ಎರಡನೇ ದಿನ, ಮೇಲಧಿಕಾರಿ ಪಕ್ಕದಲ್ಲಿ ಇಲ್ಲದಾಗ ಹೇಳುತ್ತಾರೆ. ಹಾಗಾಗಿ ನೀವು ಗೇಲಿ ಮಾಡಿದ ಆ ಊಟದ ಬಗ್ಗೆ ನನಗೆ ಗೌರವ ಇದೆ. ವೇದಿಕೆಯ ಮೇಲೆ ಕೇಳಿದ್ದಕ್ಕಿಂತ ಊಟದ ಮೇಜಿನಲ್ಲಿ ಕೇಳಿದ್ದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಸುಸ್ತು ಅನ್ನೋದೂ ಒಂದಿದೆ. ಮೊದಲ ಸಲ ಮೌಲ್ಯಮಾಪನ ಮಾಡುವಾಗ ಹುರುಪು ಇರುತ್ತೆ, ಸುಧಾರಣೆಯ ಪಟ್ಟಿ ಉದ್ದ ಆಗುತ್ತೆ, ಅರವತ್ತು ಎಪ್ಪತ್ತು ಅಂಶ ಬರೆದಿರೋದನ್ನೂ ನೋಡಿದ್ದೇನೆ. ವರ್ಷ ಕಳೆದರೆ ಐದೂ ಆಗಿರಲ್ಲ. ಎರಡನೇ ಸಲ ಕರೆದರೆ ಸಿಬ್ಬಂದಿ ‘ಹೋದ ಸಲ ಹೇಳಿದ್ದೇನಾಯಿತು?’ ಅನ್ನುತ್ತಾರೆ. ಕ್ಯಾಫ್‌ನ ಹತ್ತು ಹೆಜ್ಜೆಗಳಲ್ಲಿ ಅಂಕ ಹಾಕಿ ವರದಿ ಬರೆಯೋದು ಆರನೆಯದಕ್ಕೇ ಮುಗಿಯುತ್ತೆ. ಉಳಿದ ನಾಲ್ಕು ಯೋಜನೆ ಮಾಡೋದು, ಎಲ್ಲರಿಗೂ ತಿಳಿಸೋದು, ಜಾರಿ ಮಾಡೋದು, ಮುಂದಿನ ಸಲಕ್ಕೆ ದಿನ ಗೊತ್ತು ಮಾಡೋದು. ಎಷ್ಟೋ ಕಚೇರಿಗಳು ಆರನೇ ಹೆಜ್ಜೆಯಲ್ಲೇ ಚಾಪೆ ಹಾಸಿಕೊಂಡು ಮಲಗಿಬಿಡುತ್ತವೆ.

ದೇಶದಿಂದ ದೇಶಕ್ಕೆ ವ್ಯತ್ಯಾಸವೂ ಇದೆ. ಇಟಲಿಯಲ್ಲಿ ಶಾಲೆಗಳು ಜಾಸ್ತಿ ಬಳಸಿವೆ, ಶಾಲೆ ಕಾಲೇಜುಗಳಿಗಾಗಿಯೇ 2010ರಲ್ಲಿ ಬೇರೆ ಆವೃತ್ತಿ ಬಂತು. ಆಸ್ಟ್ರಿಯಾದಲ್ಲಿ ವಿಯೆನ್ನಾದ ಕೆಡಿಝಡ್ ಅನ್ನೋ ಕೇಂದ್ರ ಇದನ್ನು ನಡೆಸುತ್ತೆ. ಡೆನ್ಮಾರ್ಕ್‌ನವರು ಹೆಸರನ್ನೇ ಬದಲಾಯಿಸಿ ‘ಕ್ವಿಕ್’ ಅಂತ ತಮ್ಮದೇ ರೂಪ ಮಾಡಿಕೊಂಡರು. ಅದನ್ನು ಯಾರೂ ಕದ್ದರು ಅನ್ನಲಿಲ್ಲ, ಅದೇ ಉದ್ದೇಶ ಇದ್ದದ್ದು.

ಪ್ರಬಂಧಕ್ಕೆ ಒಂದು ಸಲಹೆ. ಇಪ್ಪತ್ತೇಳು ದೇಶ ಹೋಲಿಸಲು ಹೋಗಬೇಡಿ, ಮುಳುಗಿಹೋಗುತ್ತೀರಿ. ಎರಡು ದೇಶದ ಎರಡೇ ಕಚೇರಿ ಸಾಕು, ಒಂದೇ ಬಗೆಯ ಕೆಲಸ ಮಾಡುವಂಥವು. ಸಂದರ್ಶನಕ್ಕೆ ಹೋದಾಗ ‘ಏನು ಕಲಿತಿರಿ’ ಅಂತ ಕೇಳಿದರೆ ಆಲ್ಬಮ್ ತೋರಿಸುತ್ತಾರೆ. ಅದರ ಬದಲು ಹೋದ ಸಲದ ಸುಧಾರಣಾ ಯೋಜನೆಯ ಪ್ರತಿ ಕೇಳಿ, ಅದರಲ್ಲಿ ಕೈಬಿಟ್ಟ ಅಂಶಗಳು ಯಾವುವು, ಬಿಡೋಣ ಅಂತ ಹೇಳಿದವರು ಯಾರು ಅಂತ ಕೇಳಿ. ಬೇರೆ ಕಚೇರಿಗೆ ಭೇಟಿ ಕೊಟ್ಟಿದ್ದರೆ, ಹೋದವರಲ್ಲಿ ಕೌಂಟರಿನಲ್ಲಿ ಕೂರುವವರು ಎಷ್ಟು ಜನ ಇದ್ದರು ಅನ್ನೋದನ್ನೂ ಕೇಳಿ ಬರೆದುಕೊಳ್ಳಿ. ಎರಡೂ ಕಡೆಯ ಉತ್ತರ ಕೈಗೆ ಸಿಕ್ಕ ಮೇಲೆ ಇನ್ನೊಮ್ಮೆ ಬರೆಯಿರಿ, ಅಧ್ಯಾಯ ಹೇಗೆ ಹೊಂದಿಸೋದು ಅಂತ ಆಗ ನೋಡೋಣ.